ಮ್ಯಾನೇಜರರ ಬೆನ್ನ ಹಿಂದೆ ನಿಂತವರು

ಹಳೆಯ ಸಾಮಾನಿನ ಹುಚ್ಚಿರುವವನಿಗೆ ಬೆಚ್ಚಿಬೀಳುವುದು ತಪ್ಪುವುದಿಲ್ಲ. ಕೇರಳದ ಬ್ಯಾಂಕ್ ನೌಕರಿಯಲ್ಲಿ ಒಂದೇ ಒಂದು ಕ್ಯಾಮೆರಾದ ದೆಸೆಯಿಂದ ನಾನು ಎಷ್ಟು ಸಲ ಬೆಚ್ಚಿದೆನೋ, ಎಷ್ಟು ಜನರನ್ನು ಬೆಚ್ಚಿಸಿದೆನೋ!

೧

ತಿರುವನಂತಪುರದಲ್ಲಿದ್ದಾಗ ಚಾಲೈ ಪೇಟೆಯ ಗುಜರಿ ಅಂಗಡಿಯಲ್ಲಿ ಅದು ಸಿಕ್ಕಿತು. ಫ್ರಾನ್ಸಿನದು, ರೀಲು ಹಾಕುವಂಥದ್ದು. ಮಡಚಿದರೆ ಟಿಫಿನ್ ಡಬ್ಬಿಯಷ್ಟು. ಗುಂಡಿ ಒತ್ತಿದರೆ ಮುಚ್ಚಳ ತೆರೆದು, ಹಾರ್ಮೋನಿಯಂ ತಿದಿಯಂಥ ಕಪ್ಪು ಚರ್ಮ ಬಿಚ್ಚಿಕೊಂಡು ಲೆನ್ಸು ಮುಂದೆ ಬರುತ್ತದೆ. ಮುಚ್ಚುವಾಗ ಯಾರೋ ಕಿವಿಯ ಹತ್ತಿರ "ಹಾ..." ಎಂದು ಉಸಿರು ಬಿಟ್ಟಂತಾಯಿತು. ಹೌಹಾರಿ ಕೆಳಗಿಟ್ಟೆ.

"ಇದು ಉಸಿರಾಡ್ತದಲ್ಲ!"

"ಮತ್ತೇನು ಸಾರ್," ಎಂದ ಅಂಗಡಿಯ ಮುದುಕ, "ಸತ್ತ ಸಾಮಾನು ನಾನು ಮಾರುವುದಿಲ್ಲ."

೨

ಕೊಚ್ಚಿಗೆ ವರ್ಗವಾಗಿ ಕಳಮಶ್ಶೇರಿಯಲ್ಲಿ ಮನೆ ಮಾಡಿದೆವು. ಒಂದು ಭಾನುವಾರ ಮಧ್ಯಾಹ್ನ, ತಿದಿಯಲ್ಲಿ ತೂತಿದೆಯೇ ಎಂದು ನೋಡಲು ಕಿಟಕಿಯ ಪರದೆ ಎಳೆದು, ಕ್ಯಾಮೆರಾದೊಳಗೆ ಸಣ್ಣ ಟಾರ್ಚ್ ಇಟ್ಟೆ. ಫಿಲ್ಮಿನ ನಂಬರು ನೋಡಲು ಅದರ ಬೆನ್ನಲ್ಲಿ ಕೆಂಪು ಗಾಜಿನ ಕಿಂಡಿಯಿದೆ. ಕತ್ತಲಲ್ಲಿ ಅದು ಒಂಟಿ ಕಣ್ಣಿನಂತೆ ಉರಿಯಿತು. ಅದೇ ಹೊತ್ತಿಗೆ ಹೆಂಡತಿ ಒಳಗೆ ಬಂದಳು.

"ಅಯ್ಯೋ, ಅದು ನನ್ನನ್ನೇ ನೋಡ್ತಾ ಉಂಟು!"

ಮಗಳು, ಎಂದಿನಂತೆ ಮಲಯಾಳದಲ್ಲಿ, "ಪ್ರೇತಮಾಣೋ ಅಮ್ಮೇ?" ಎಂದು ಆಸೆಯಿಂದ ಓಡಿಬಂದಳು.

"ಅಲ್ಲ ಮಗಾ, ನಿನ್ನ ಅಪ್ಪ."

"ಓ," ಎಂದು ಮುಖ ಸಣ್ಣದು ಮಾಡಿಕೊಂಡು ಹೋದಳು.

೩

ಓಣಂ ದಿನ ಕಲೂರಿನ ನಮ್ಮ ಶಾಖೆಯಲ್ಲಿ ಮ್ಯಾನೇಜರ್, "ಮೊಬೈಲು ಬೇಡ, ನಿಮ್ಮ ಹಳೇ ಡಬ್ಬಿಯಲ್ಲೇ ನನ್ನದೊಂದು ಫೋಟೋ ತೆಗೆಯಿರಿ" ಎಂದರು. ತೊಳೆಸಿ ತಂದ ಚಿತ್ರದಲ್ಲಿ ಅವರ ಬೆನ್ನ ಹಿಂದೆ ಬಿಳಿ ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ಅವಳ ಮೈಯೊಳಗಿಂದ ಗೋಡೆಯ ಕ್ಯಾಲೆಂಡರ್ ಕಾಣುತ್ತಿತ್ತು.

"ಹಿಂದೆ ಯಾರೋ ಇದ್ದಾರೆಂದು ನನಗೆ ಮೊದಲಿಂದಲೂ ಅನುಮಾನ," ಎಂದರು ಮ್ಯಾನೇಜರ್ ಮೆಲ್ಲಗೆ.

ನಡೆದದ್ದಿಷ್ಟೇ. ಈ ಕ್ಯಾಮೆರಾದಲ್ಲಿ ಪ್ರತಿ ಸಲ ಫಿಲ್ಮನ್ನು ಕೈಯಿಂದಲೇ ಮುಂದೆ ತಿರುಗಿಸಬೇಕು, ಮರೆತರೆ ಒಂದರ ಮೇಲೊಂದು ಚಿತ್ರ ಕೂರುತ್ತದೆ. ಅಂದು ಬೆಳಿಗ್ಗೆ ಅತ್ತೆಯವರ ಫೋಟೋ ತೆಗೆದು ನಾನು ಮರೆತಿದ್ದೆ. ನಿಜ ಹೇಳಿಬಿಡೋಣವೆಂದು ಕ್ಯಾಬಿನ್ನಿಗೆ ಹೋದರೆ, ಮ್ಯಾನೇಜರ್ ಕುರ್ಚಿಯನ್ನು ಗೋಡೆಗೆ ಒತ್ತಿಸಿಕೊಂಡು ಕೂತಿದ್ದರು.

"ಈಗ ಬಂದು ನಿಲ್ಲಲಿ ನೋಡೋಣ!"

ನಿಜವನ್ನು ನನ್ನಲ್ಲೇ ಇಟ್ಟುಕೊಂಡು, ಬಾಗಿಲೆಳೆದುಕೊಂಡು ಹೊರಗೆ ಬಂದೆ.

೪

ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಬಂದು ತೋರಿಸಬೇಕು. ಅತ್ತೆ ನನಗೆ ಹೇಳದೆ, ಅದೇ ಬಿಳಿ ಸೀರೆಯುಟ್ಟು ಬಂದು, ಸೀದಾ ಕ್ಯಾಬಿನ್ನಿಗೆ ನುಗ್ಗಿದರು. ನಾನು ಓಡಿ ತಲುಪುವಷ್ಟರಲ್ಲಿ ಮ್ಯಾನೇಜರ್ ಎದ್ದು ಗೋಡೆಗೆ ಅಂಟಿ ನಿಂತಿದ್ದರು.

"ಏನು... ಏನು ಬೇಕು?"

"ನಾನು ಬದುಕಿದ್ದೇನೆ ಅಂತ ಒಂದು ಬರೆದುಕೊಡಿ ಮಾರಾಯ್ರೆ."

ಒಂದು ಕಾಗದವನ್ನೂ ಕೇಳದೆ, ಗೋಡೆ ಬಿಡದೆಯೇ ಸಹಿ ಹಾಕಿದರು ಮ್ಯಾನೇಜರ್. "ಕೊಟ್ಟರೆ ಹೋಗ್ತೀರಲ್ಲ?"

"ಇವತ್ತಿಗೆ ಹೋಗ್ತೇನೆ," ಎಂದರು ಅತ್ತೆ. "ಇನ್ನು ವರ್ಷವರ್ಷವೂ ಬರ್ತೇನೆ."