ದೊಡ್ಡಪ್ಪನ ದಾರ, ಅಪ್ಪನ ಕಪಾಟು

ನಮ್ಮ ದೊಡ್ಡಪ್ಪನಿಗಿದ್ದಷ್ಟು ಮರ್ಯಾದೆ ಮನಗೂಳಿಯಲ್ಲಿ ಇನ್ಯಾರಿಗೂ ಇರಲಿಲ್ಲ. ಅವನು ಓಣಿಯಲ್ಲಿ ಬಂದರೆ ಸಾಕು, ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ಮುದುಕರೆಲ್ಲ ಪಟಕ್ಕನೆ ಕಾಲು ಮಡಚಿ ಧೋತರದೊಳಗೆ ಸೇರಿಸಿಕೊಳ್ಳುತ್ತಿದ್ದರು! ಮರ್ಯಾದೆ ಅಂದೆನಲ್ಲ, ಅದು ಸುಳ್ಳು. ಅದು ಹೆದರಿಕೆ.

ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಕುಣಿ ಎಷ್ಟಿರಬೇಕೆಂಬುದು ಸತ್ತವರ ಪಾದದ ಅಳತೆಯಿಂದಲೇ ಗೊತ್ತಾಗಬೇಕು: ಉದ್ದ ಒಂಬತ್ತು ಪಾದ. ಆ ಪಾದಕ್ಕೆ ದಾರ ಹಿಡಿದು ಅಳೆದು, ಕತ್ತರಿಸಿ ಕೊಡುವವನೇ ನಮ್ಮ ದೊಡ್ಡಪ್ಪ. ಸಿಂದಗಿ, ಇಂಡಿ ಕಡೆಯ ನೆಂಟರೂ ಇವನನ್ನೇ ಕರೆಸುತ್ತಿದ್ದರು. ಬದುಕಿದವರ ಪಾದದ ಕಡೆ ಅವನು ಅಪ್ಪಿತಪ್ಪಿಯೂ ನೋಡುತ್ತಿರಲಿಲ್ಲ, ಆದರೆ ನಂಬುವವರು ಯಾರು? ಒಮ್ಮೆ ಯಂಕಂಚಿಯ ಬೀಗರಿಗೆ ಜ್ವರವೆಂದು ಮಾತಾಡಿಸಲು ಹೋದ. ಇವನನ್ನು ಕಂಡದ್ದೇ ತಡ, ಬೀಗರು ಎದ್ದು ಹಿತ್ತಲ ಬಾಗಿಲಿನಿಂದ ಓಡಿಯೇ ಹೋದರು! ‘ನೋಡಿದ್ರ್ಯಾ, ನಾ ಹೋದ್ರ ಜಡ್ಡ ವಾಸಿ ಆಗ್ತಾವು’ ಎಂದು ದೊಡ್ಡಪ್ಪ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ.

ಎಪ್ಪತ್ತರ ದಶಕದ ಒಂದು ಚಳಿಗಾಲ ಅಪ್ಪ ಹಾಸಿಗೆ ಹಿಡಿದ. ಡಾಕ್ಟರು ಕೈಚೆಲ್ಲಿದ್ದರು. ನಾನು ಬಾಗೇವಾಡಿಯಿಂದ ತವರಿಗೆ ಬಂದು ಕುಳಿತಿದ್ದೆ. ಹಾಸಿಗೆಯ ಎದುರಿಗೇ ಗೋಡೆಯ ಕಪಾಟು. ಅದಕ್ಕೆ ಅತ್ತಿತ್ತ ಸರಿಯುವ ಎರಡು ಬಾಗಿಲು. ಯಾವುದೋ ಸಾಹೇಬರ ಬಂಗಲೆಯಲ್ಲಿ ಕಂಡು ಅಪ್ಪ ಹಟ ಹಿಡಿದು ಮಾಡಿಸಿದ್ದು. ಈಗ ಗೆದ್ದಲು ಹಿಡಿದು, ಪ್ಲೈವುಡ್ ಉಬ್ಬಿ, ಅವ್ವ ಎಳೆದಾಗಲೆಲ್ಲ ಕಿರ್ರೆಂದು ಚೀರುತ್ತಿತ್ತು.

‘ಅಣ್ಣಾ, ಹೊಸಾ ಬಾಗಲಾ ಮಾಡಸು. ನಾ ಹೋಗೂದ್ರಾಗ ಅದು ಸರ್ರಂತ ಸರಿಯೂದು ನೋಡಬೇಕು’ ಎಂದ ಅಪ್ಪ.

ದೊಡ್ಡಪ್ಪ ಜೇಬಿನಿಂದ ದಾರ ತೆಗೆದ. ಅವ್ವ ಅಡುಗೆಮನೆಯಿಂದಲೇ ಕೂಗಿದಳು: ‘ಭಾವಾರ, ಆ ದಾರ ಮನ್ಯಾಗ ತಗೀಬ್ಯಾಡ್ರಿ!’

‘ಏ, ಇದು ಹೊಸಾದೈತಿ ತಂಗಿ. ಹಳೇವೆಲ್ಲಾ ಆಯಾ ಮಂದಿ ಜೋಡಿನ ಮಣ್ಣಾಗ ಹೋಗ್ಯಾವು.’

ಹೀಗೂ ಯಾರಾದರೂ ಸಮಾಧಾನ ಹೇಳುತ್ತಾರೆಯೇ? ಅವ್ವ ಅತ್ತಳು, ಅಪ್ಪ ನಕ್ಕ.

ಅಳೆದ. ಮರುದಿನ ಮತ್ತೆ ಬಂದು ಅಳೆದ. ಮೂರನೆಯ ದಿನ, ‘ಒಂದ ಬಾಗಲಾ ಇನ್ನೊಂದ್ರ ಮ್ಯಾಲ ನಾಕ ಬೆರಳ ಏರಬೇಕು, ಮರತಿದ್ನಿ’ ಎಂದ. ನಾಲ್ಕನೆಯ ದಿನ ಗೋಡೆಯೇ ಡೊಂಕು. ಐದನೆಯ ದಿನ ತನ್ನ ಬೆರಳುಗಳೇ ದಪ್ಪಗಾಗಿವೆಯೆಂಬ ಅನುಮಾನ! ದಾರಕ್ಕೆ ಗಂಟು ಹಾಕುವುದು, ಬಿಚ್ಚುವುದು. ಕತ್ತರಿಸುವುದು ಮಾತ್ರ ಇಲ್ಲ. ‘ಯಜಮಾನ್ರ, ನಾ ಮಾಡೂದು ಕಪಾಟಿನ ಬಾಗಲಾರಿ, ಊರ ಅಗಸಿ ಬಾಗಲಾ ಅಲ್ಲ’ ಎಂದು ದಿನವೂ ಅಳತೆಗಾಗಿ ಬಂದು ಕಾಯುತ್ತಿದ್ದ ಬಡಿಗ ಸಿಟ್ಟಾಗಿ ಹೊರಟೇಹೋದ.

ಹತ್ತು ದಿನ ಹೀಗೇ ಹೋಯಿತು. ಅಪ್ಪ ಕಣ್ಣೆದುರೇ ಕರಗುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

‘ದೊಡ್ಡಪ್ಪಾ, ಅಪ್ಪಂದು ಇದ್ದದ್ದ ಒಂದ ಆಸೆ. ಅದನ್ನೂ ಮುಳುಗಿಸ್ತಿ ಏನು?’

ಅವನು ತಲೆ ತಗ್ಗಿಸಿ ದಾರವನ್ನು ಬೆರಳಿಗೆ ಸುತ್ತಿಕೊಂಡ. ‘ನಾ ಯಾರ ಮನ್ಯಾಗ ದಾರ ಕತ್ತರಿಸಿದ್ರೂ ಆ ಮನ್ಯಾಗ ಹೆಣಾ ಇರ್ತೈತವಾ. ಇಲ್ಲಿ ಕತ್ತರಸಾಕ ಕೈ ಬರವಲ್ದು.’

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಹಾಸಿಗೆಯಿಂದ ಅಪ್ಪನ ದನಿ ಬಂತು: ‘ಅಣ್ಣಾ, ಹುಚ್ಚನಂಗ ಮಾಡಬ್ಯಾಡ. ಕತ್ತರಸು.’

ಕತ್ತರಿಸಿದ.

ಬಡಿಗನನ್ನು ಕಾಡಿಬೇಡಿ ಮತ್ತೆ ಕರೆಸಿದೆವು. ನಾಲ್ಕು ದಿನದಲ್ಲಿ ಬಾಗಿಲು ಕೂತವು. ಬೆರಳು ತಾಗಿಸಿದರೆ ಸರ್ರೆಂದು ಸರಿದವು! ಅಪ್ಪ ಅವ್ವನಿಂದ ಹತ್ತು ಸಲ ತೆರೆಸಿ, ಮುಚ್ಚಿಸಿ ನೋಡಿದ. ‘ಒಂದ ಎಳಿ ಫರಕ ಇಲ್ಲ ನೋಡಣ್ಣಾ. ನಂದೂ ಹಿಂಗ ಬರೋಬ್ಬರಿ ಅಳಿ’ ಎಂದ. ದೊಡ್ಡಪ್ಪ ಎದ್ದು ಹೊರಗೆ ಹೋದ.

ಅದಾದ ಮೂರನೆಯ ದಿನ ಬೆಳಿಗ್ಗೆ ಅಪ್ಪ ತೀರಿಕೊಂಡ.

ಕುಣಿ ತೋಡುವವರು ಅಳತೆಗಾಗಿ ಅಂಗಳದಲ್ಲಿ ಕಾಯುತ್ತಿದ್ದರು. ದೊಡ್ಡಪ್ಪ ದಾರ ಹಿಡಿದು ತಮ್ಮನ ಕಾಲ ಬಳಿ ಕುಳಿತ. ಜೀವಮಾನವಿಡೀ ತಣ್ಣನೆಯ ಪಾದಗಳನ್ನೇ ಹಿಡಿದವನು ಅಪ್ಪನ ಪಾದ ಮುಟ್ಟಿದ್ದೇ ತಡ, ನನ್ನ ಮೇಲೆ ಸಿಡಿದ.

‘ಕಾಲ ಇಷ್ಟ ಥಣ್ಣಗ ಆಗ್ಯಾವು, ಯಾರಿಗೂ ಕಾಣಸಲಿಲ್ಲೇನು? ಸಣ್ಣಂವ ಇದ್ದಾಗಿಂದ ಇವನ ಕಾಲ ಮ್ಯಾಲ ಕೌದಿ ನಿಲ್ಲೂದಿಲ್ಲ. ತಾ ಕೌದಿ!’

ನಾನು ಹೊಸ ಬಾಗಿಲು ಸರಿಸಿ ಕಪಾಟಿನಿಂದ ಕೌದಿ ತೆಗೆದುಕೊಟ್ಟೆ. ಅವನು ಎರಡೂ ಪಾದ ಮುಚ್ಚಿ, ಅಂಚನ್ನು ಒಳಗೆ ಸೇರಿಸಿ, ಮೇಲೆ ತನ್ನ ಎರಡೂ ಕೈ ಇಟ್ಟುಕೊಂಡು ಕುಳಿತ.

‘ಸ್ವಲ್ಪ ಬೆಚ್ಚಗಾಗ್ಲಿ ತಡೀರಿ’ ಎಂದ, ‘ಆಮ್ಯಾಲ ಅಳೀತೇನಿ.’