ಮೌನಮ್ಮ ಸಕ್ಕರೆ ನೀರು ಕುಡಿದದ್ದು

ಭಜಿ ಹಿಟ್ಟಿಗೆ ಮೌನಮ್ಮ ಎರಡು ಸಲ ಉಪ್ಪು ಹಾಕಿದ್ದೇ ಎಲ್ಲದಕ್ಕೂ ಮೂಲ. ಸುರಪುರದ ಬಸ್ ಸ್ಟ್ಯಾಂಡಿನ ಹತ್ತಿರ ಆಕೆಯ ಗಂಡ ವೆಂಕಪ್ಪನದು ಮಿರ್ಚಿ ಭಜಿ ಬಂಡಿ. ಅವತ್ತು ಭಜಿ ಕಚ್ಚಿದ ಗಿರಾಕಿಗಳೆಲ್ಲ ಮುಖ ಕಿವುಚಿಕೊಂಡು ನೀರಿನ ಕೊಡಕ್ಕೆ ಮುಗಿಬಿದ್ದರು.

"ಏನಾಗೇದ ನಿನಗ?" ಅಂತ ವೆಂಕಪ್ಪ ರೇಗಿದ.

"ದಣಿವಾಗೇದರಿ," ಅಂದಳು ಮೌನಮ್ಮ.

ಮದುವೆಯಾಗಿ ಬಂದಮೇಲೆ ಆಕೆ ಆ ಮಾತು ಆಡಿದ್ದು ಅದೇ ಮೊದಲು. ವೆಂಕಪ್ಪ ಹೆದರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಶುಗರ್ ಇರಬಹುದು, ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿಸಿ ಅಂದರು ಅವರು.

ಮರುದಿನ ಬೆಳಿಗ್ಗೆ ಲ್ಯಾಬಿನ ಲಾಡ್ಲೇಸಾಬ ಮನೆಗೇ ಬಂದ. ಖಾಲಿ ಹೊಟ್ಟೆಯ ರಕ್ತ ತೆಗೆದುಕೊಂಡು, ಗ್ಲೂಕೋಸ್ ನೀರು ಕಲಸಿ ಕೊಟ್ಟ. ಬೂಂದಿ ಲಾಡಿನ ಪಾಕವನ್ನೇ ಲೋಟಕ್ಕೆ ಸುರಿದಂತಿತ್ತು. ಮೌನಮ್ಮ ಕಣ್ಣು ಮುಚ್ಚಿ ನುಂಗಿದಳು.

"ಅಕ್ಕಾರ, ಇನ್ನ ಎರಡು ತಾಸು ಹಂಗ ಕುಂದರ್ರಿ. ತಿನ್ನಂಗಿಲ್ಲ, ಅಡ್ಡಾಡಂಗಿಲ್ಲ, ಕೆಲಸ ಅಂತೂ ಮುಟ್ಟಂಗೇ ಇಲ್ಲ. ನಾ ಟೈಮಿಗೆ ಸರಿಯಾಗಿ ಬಂದು ಮತ್ತ ರಕ್ತ ತಗೋತೀನಿ. ಚೂರು ತಡಾ ಆದ್ರೂ ಎಲ್ಲಾ ಹಾಳ್ರಿ."

"ಕೆಲಸ ಮುಟ್ಟಂಗಿಲ್ಲ?" ಮೌನಮ್ಮ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

ಪಡಸಾಲೆಯಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ಕೂತಳು. ಹಗಲು ಹೊತ್ತಿನಲ್ಲಿ ಆಕೆ ಕೂತದ್ದನ್ನು ಆ ಮನೆಯವರು ನೋಡಿರಲಿಲ್ಲ.

"ಏ ಮೌನೀ, ಕಡ್ಲಿಹಿಟ್ಟಿನ ಡಬ್ಬಿ ಎಲ್ಲದ?" ಒಳಗಿನಿಂದ ವೆಂಕಪ್ಪ.

"ನಿಮ್ಮ ಕಾಲ ಬುಡಕ ಅದ ನೋಡ್ರಿ."

"ಏ ಮೌನೀ, ನನ್ನ ಚಾ?" ಹಿತ್ತಲಿನಿಂದ ಅತ್ತೆ.

"ಇವತ್ತೊಂದಿನ ನೀವ ಇಟ್ಕೋರಿ ಅತ್ತಿ."

"ಸಕ್ರಿ ಎಲ್ಲಿಡ್ತಿ ಅಂತ ನನಗೇನು ಗೊತ್ತು? ಎಲ್ಲಾ ನೀನ ಕುಡದಂಗದ!"

ಅಷ್ಟರಲ್ಲಿ ಹಾಲು ಉಕ್ಕಿದ ವಾಸನೆ ಬಂತು. ಮೌನಮ್ಮನ ಕಾಲುಗಳು ತಾವಾಗಿಯೇ ನೆಲಕ್ಕಿಳಿದವು. ತಪ್ಪಿಸಿಕೊಂಡ ಮೇಕೆ ಮರಿಗಳನ್ನು ಹಿಡಿದಂತೆ ಅವನ್ನು ಹಿಡಿದೆಳೆದು ಕುರ್ಚಿಯ ಮೇಲೆ ಮಡಚಿಟ್ಟುಕೊಂಡಳು.

ಬಾಜು ಮನೆಯ ಆಮೀನಾ ಬಂದಳು. ವಿಷಯ ಕೇಳಿ ಬಾಯಿ ಮೇಲೆ ಕೈಯಿಟ್ಟಳು.

"ಯಾ ಅಲ್ಲಾ! ಶುಗರ್ ಅದನೋ ಇಲ್ಲೋ ನೋಡಾಕ ಸಕ್ರೀನ ಕುಡಿಸ್ಯಾರ? ಮನಿಗಿ ಬೆಂಕಿ ಹತ್ತತದೋ ಇಲ್ಲೋ ನೋಡಾಕ ಸೀಮಿಎಣ್ಣಿ ಸುರದಂಗಾತಲ್ಲ!"

ಆಮೇಲೆ ಎದುರಿಗೇ ಕೂತು, ಶಹಾಪುರದ ನಾದಿನಿಯ ಮೊಣಕಾಲು ನೋವಿನ ಕತೆ ತೆಗೆದಳು. ಅದು ಯಾದಗಿರಿ ಬಸ್ಸಿನಂತೆ ಊರೂರಿಗೆ ನಿಲ್ಲುತ್ತ ಹೊರಟಿತು. ನಡುದಾರಿಯಲ್ಲೆಲ್ಲೋ ಮೌನಮ್ಮನಿಗೆ ನಿದ್ದೆ ಹತ್ತಿತು.

ಕಣ್ಣು ಬಿಟ್ಟಾಗ ಬಿಸಿಲು ಅಂಗಳ ದಾಟಿ ಎದುರಿನ ಗೋಡೆ ಏರಿತ್ತು. ಮೈಮೇಲೆ ಯಾರೋ ಚಾದರ ಹೊದಿಸಿದ್ದರು. ಮನೆ ತುಂಬ ಮೌನ. ಮೌನಮ್ಮ ದಡಕ್ಕನೆ ನೆಟ್ಟಗೆ ಕೂತಳು.

"ಲಾಡ್ಲೇಸಾಬ ಬರಲಿಲ್ಲೇನ್ರಿ?"

ಅತ್ತೆ ಹೊಸ್ತಿಲಲ್ಲಿ ಕೋಲು ಹಿಡಿದು ಕೂತಿದ್ದಳು. "ಬಂದಿದ್ದ. ‘ಎಬ್ಬಸ್ರಿ, ಚುಚ್ಚತೀನಿ’ ಅಂದ. ನಾ ಬಿಟ್ಟೀನೇನು? ‘ಪಾಪ, ದಣದು ಮಲಗ್ಯಾಳ, ಕರುಳಿಲ್ಲೇನೋ ನಿನಗ’ ಅಂತ ಬೈದು ಓಡಿಸಿದೆ."

"ನಾನೂ ಎರಡು ಮಾತು ಬಿಗಿಯಾಗಿ ಅಂದೆ," ಅಂದಳು ಆಮೀನಾ.

ಇಷ್ಟು ವರ್ಷ ದಿನಾ ಕೂಗಿ ಎಬ್ಬಿಸಿದವರಿಗೆ, ಎಬ್ಬಿಸಲೇಬೇಕಾದ ಒಂದು ದಿನ ಕರುಣೆ ಉಕ್ಕಿತ್ತು.

ವೆಂಕಪ್ಪ ಲ್ಯಾಬಿಗೆ ಫೋನ್ ಮಾಡಿ ಬಂದ. "ನಾಳಿ ಮತ್ತ ಮೊದಲಿಂದ ಮಾಡಬೇಕಂತ ನೋಡು. ಮತ್ತ ಎರಡು ತಾಸು ಕುಂದರಬೇಕು."

ಮೌನಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. "ಏನ್ಮಾಡೋದು, ಮಾಡಸೂನು," ಅಂದಳು, ದನಿಗೆ ಬೇಸರ ತಂದುಕೊಂಡು.

ಅತ್ತೆ ಸೊಸೆಯ ಮುಖವನ್ನು ಹತ್ತಿರದಿಂದ ನೋಡಿದಳು.

"ಎಷ್ಟು ಕಳಾ ಬಂದದ ನೋಡ ಮುಖಕ್ಕ! ಏ ವೆಂಕ್ಯಾ, ಇನ್ನೊಮ್ಮೆ ಫೋನ್ ಹಚ್ಚು. ನಾಳಿ ಆ ಪರೀಕ್ಷಾ ನನಗ ಮಾಡಂತ ಹೇಳು. ಈಕೀದು ಮುಂದ ನೋಡಿದ್ರಾತು. ಇಬ್ಬರೂ ಕುಂತ್ರ ಚಾ ಮಾಡವ್ರು ಯಾರು?"

"ನನ್ನ ಹೆಸರೂ ಹೇಳ್ರಿ ಅಣ್ಣಾ," ಅಂದಳು ಆಮೀನಾ. "ಇಲ್ಲೇ ಬಂದು ಕುಂದರ್ತೀನಿ. ನಮ್ಮನ್ಯಾಗ ನನ್ನ ಯಾರು ನೋಡ್ಕೋತಾರ?"

ಮೌನಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು. ನಾಳೆಗೆ ಇನ್ನೊಂದು ಕುರ್ಚಿ ಯಾರ ಮನೆಯಿಂದ ತರಬೇಕೆಂಬ ಯೋಚನೆಯೂ ಆಕೆಗೇ ಬಂತು.