ಗಾಣದ ಮಾವನ ಕಹಿ ಎಲೆ

ನಮ್ಮ ಸೋದರಮಾವನ ಎದುರು ಕೂತವರು ಆಕಳಿಸಬಾರದು. ಬಾಯಿ ತೆರೆದರೆ ಎರಡು ಹಸಿರೆಲೆ ತುರುಕಿಯೇ ಬಿಡುತ್ತಾನೆ!

ಮುಧೋಳದ ಹತ್ತಿರ ಮಾವನದು ಬೆಲ್ಲದ ಗಾಣ. ನಾಲಿಗೆಗೆ ಬೆಲ್ಲ ತಾಗಿಸಿ, ಅದು ಯಾವ ಹೊಲದ ಕಬ್ಬಿನದೆಂದು ಹೇಳುವ ಆಸಾಮಿ. ಅಂಥವನ ಹೆಂಡತಿಗೇ ಸಕ್ಕರೆ ಕಾಯಿಲೆ ಬರಬೇಕೇ! ಮುಂದಿನ ತಪಾಸಣೆಗೂ ಶುಗರ್ ಇಳಿಯದಿದ್ದರೆ ದಿನಾ ಇನ್ಸುಲಿನ್ ಎಂದರು ಜಮಖಂಡಿಯ ಡಾಕ್ಟರು. ಅತ್ತೆಗೋ ಸೂಜಿಯೆಂದರೆ ಕೈಕಾಲು ನಡುಕ. ಶುಗರ್ ಇಳಿಸುತ್ತದಂತೆ ಎಂದು ಮಾವ ಎಲ್ಲಿಂದಲೋ ಚೀಲದ ತುಂಬ ಮಧುನಾಶಿನಿ ಎಲೆ ತಂದ.

"ಮೊದಲ ಅತ್ತೀಗೆ ಕೊಡ್ರಿ ಮಾಮಾ" ಎಂದೆ.

"ಪರೀಕ್ಷಾ ಮಾಡದ ಕೊಡಾಕ ಆಕಿ ಏನ್ ಹಾದ್ಯಾಗ ಸಿಕ್ಕಾಳೇನ? ಮೊದಲ ಊರ ಮಂದಿ!"

ಮೊದಲು ಸಿಕ್ಕಿಬಿದ್ದವನು ಬೆಲ್ಲ ಕೊಳ್ಳಲು ಬಂದ ವ್ಯಾಪಾರಿ. ಗಾಣಕ್ಕೆ ಬಂದವರ ಕೈಗೆ ಬಿಸಿ ಬೆಲ್ಲ ಇಡುವುದು ನಮ್ಮ ಕಡೆಯ ರೂಢಿ. ಮಾವ ಅದಕ್ಕೂ ಮೊದಲು ಎಲೆ ಅಗಿಸಿದ. ಈ ಎಲೆ ಅಗಿದ ನಾಲಿಗೆಗೆ ಸ್ವಲ್ಪ ಹೊತ್ತು ಸಿಹಿಯೇ ಹತ್ತುವುದಿಲ್ಲ. ಆಮೇಲೆ ಬಾಯಿಗಿಟ್ಟ ಬೆಲ್ಲವನ್ನು ವ್ಯಾಪಾರಿ ಥೂ ಎಂದು ಉಗಿದ.

"ಏನ್ರೀ ಇದು, ಮಣ್ಣ ತಿಂದಂಗ ಆಗಾಕತ್ತೈತಿ!"

"ಛಲೋ ಆತು, ಎಲಿ ಖರೇ ಐತಿ!" ಎಂದು ಮಾವ ಕುಣಿದಾಡಿದ. ವ್ಯಾಪಾರಿ ಖಾಲಿ ಟೆಂಪೊ ತಿರುಗಿಸಿಕೊಂಡು ಹೋದದ್ದು ಅವನ ಕಣ್ಣಿಗೇ ಬೀಳಲಿಲ್ಲ!

ಆಮೇಲೆ ಡಾಕ್ಟರನ್ನು ಕೇಳಿದ. ಗುಳಿಗೆ ತಪ್ಪಿಸಬಾರದು ಎಂಬ ಕರಾರಿನ ಮೇಲೆ ಅವರು ಒಪ್ಪಿದರು. ಅತ್ತೆ ಮುಖ ಕಿವುಚಿಕೊಂಡೇ ಎಲೆ ಅಗಿದಳು. ಡಬ್ಬಿಯಿಂದ ಕದ್ದು ತಿನ್ನುತ್ತಿದ್ದ ಬೆಲ್ಲ, ರುಚಿ ಹತ್ತದೆ ತಾನಾಗಿಯೇ ನಿಂತಿತು.

ತಪಾಸಣೆಯ ದಿನ ಡಾಕ್ಟರು ನಕ್ಕರು. "ಎಲೀಲೆ ಇಳೀತೋ, ಗುಳಿಗೀಲೆ ಇಳೀತೋ, ಬೆಲ್ಲ ಬಿಟ್ಟಿದ್ದಕ್ಕ ಇಳೀತೋ, ಹೇಳಾಕ ಬರೂದಿಲ್ಲ. ಸದ್ಯಕ್ಕ ಸೂಜಿ ಬ್ಯಾಡ."

ಮಾವ ಖುಷಿಗೆ ಡಾಕ್ಟರ ಮುಂದೆಯೂ ಎರಡು ಎಲೆ ಹಿಡಿದ!

ಮನೆಗೆ ಹೋಗುವ ಮೊದಲು ಮಾವ, ಅತ್ತೆ, ನಾನು ಮೂವರೂ ಗಾಣಕ್ಕೆ ಬಂದೆವು. ಹೊಸ ಬೆಲ್ಲ ಇಳಿಸಿದ್ದರು. ಮಾವ ಸುಮ್ಮನೆ ಜೇಬಿನಿಂದ ಎಲೆ ತೆಗೆದು ತನ್ನ ಬಾಯಿಗೇ ಒಯ್ದ.

"ನಿಮಗ ಶುಗರ್ ಇಲ್ಲಲ್ರೀ ಮಾಮಾ, ನಿಮಗ್ಯಾಕ?"

"ಆಕಿಗಿಲ್ಲದ್ದು ನನಗ್ಯಾಕ ಬೇಕವಾ?"

ಅತ್ತೆ ಎಲೆ ಕಸಿದು ಬಿಸಾಕಿ, ಬೆಲ್ಲದ ಚೂರು ಅವನ ಬಾಯಿಗಿಟ್ಟಳು.

"ತಿನ್ರಿ. ಹೆಂಗೈತಿ ಅಂತ ನನಗ ಹೇಳ್ರಿ."

ಸದಾ ವಟಗುಟ್ಟುವ ಮಾವ ಕಣ್ಣೊರೆಸಿಕೊಂಡು, ತಡೆತಡೆದು ಹೇಳತೊಡಗಿದ.

"ಬಾವಿ ಮಗ್ಗಲ ಹೊಲದ ಕಬ್ಬು... ಪಾಕ ಚಂದ ಬಂದೈತಿ... ಬಾಯಾಗ ಕರಗಾಕತ್ತೈತಿ..."

ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ಸಾಕ್ರಿ" ಎಂದಳು ಕೊನೆಗೆ, "ನನ್ನ ಹೊಟ್ಟಿ ತುಂಬ್ತು."